‘ಮೂರನೆಯ ದಿನ’ ಎಂದರೇನು? ಪುನರುತ್ಥಾನ ಮತ್ತು ದೈವಿಕ ಅಧಿಕಾರದ ಕುರಿತು ಒಂದು ಪ್ರಶ್ನೆ

ಪ್ರಶ್ನೆ: ಮಂಜೇಶ್ವರದ ಹಳೆ ಮಾಷ್ಟ್ರು

ನಾನು ಮಂಜೇಶ್ವರದ ಕಡೆಯವನು. ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾಗಿದ್ದೇನೆ. ನಮ್ಮೂರಿನಲ್ಲೇ ಬಾಳಿದ ರಾಷ್ಟ್ರಕವಿ ಗೋವಿಂದ ಪೈಗಳು ಯೇಸುವಿನ ಕಡೆಯ ದಿನವನ್ನು ಕುರಿತು ಬರೆದ ‘ಗೊಲ್ಗೊಥಾ’ದಿಂದ ಒಂದಷ್ಟು ಭಾಗವನ್ನು, ಪಠ್ಯದಲ್ಲಿ ಇದ್ದರೂ ಇಲ್ಲದಿದ್ದರೂ, ಪ್ರತಿ ವರ್ಷ ತರಗತಿಯಲ್ಲಿ ಓದಿ ಹೇಳುವುದು ನನ್ನ ರೂಢಿಯಾಗಿತ್ತು. ಒಂದು ಸಲ ಓದು ಮುಗಿದು ಮಕ್ಕಳೆಲ್ಲ ಸುಮ್ಮನೆ ಕುಳಿತಿದ್ದಾಗ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಾಷ್ಟ್ರೇ, ಮೂರನೇ ದಿನದ್ದು ಇಲ್ಲವಾ?” ಎಂದು ಕೇಳಿದಳು. ಅವಳು ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಮನೆಯವಳು; ಶಿಲುಬೆಯಲ್ಲಿ ಸತ್ತ ಯೇಸು ಮೂರನೆಯ ದಿನ ಎದ್ದು ಬಂದನೆಂಬುದು ಅವರ ನಂಬಿಕೆ. ಕಾವ್ಯ ಇರುವುದೇ ಕಡೆಯ ದಿನದ ಮೇಲೆ, ಅಲ್ಲಿಗೆ ಅದರ ವಸ್ತು ಮುಗಿಯಿತು ಎಂದು ಉತ್ತರ ಕೊಟ್ಟೆ. ಅವಳು ಕುಳಿತುಕೊಂಡಳು, ಆದರೆ ಅರ್ಧ ಕಥೆಗೇ ಗಂಟೆ ಹೊಡೆದುಬಿಟ್ಟ ಹಾಗೆ ಅವಳ ಮುಖ ಇತ್ತು.

ಈಗ ಪುರುಸೊತ್ತಿದೆ. ಹೊಸ ಒಡಂಬಡಿಕೆಯನ್ನು ಮೊದಲಿನಿಂದ ಓದುತ್ತಿದ್ದೇನೆ. ಓದಿದಷ್ಟೂ ಆ ಹುಡುಗಿಯ ಪ್ರಶ್ನೆ ದೊಡ್ಡದಾಗುತ್ತಿದೆ. ಸತ್ತವರು ಬದುಕಿ ಬಂದ ಕಥೆ ನಮಗೆ ಹೊಸತಲ್ಲ. ಶುಕ್ರಾಚಾರ್ಯರು ಸಂಜೀವಿನೀ ವಿದ್ಯೆಯಿಂದ ಕಚನನ್ನು ಮತ್ತೆ ಮತ್ತೆ ಬದುಕಿಸಿದರು. ಸಾವಿತ್ರಿ ಯಮನ ಬೆನ್ನು ಹತ್ತಿ ಸತ್ಯವಾನನನ್ನು ಮರಳಿ ತಂದಳು. ಆದರೆ ಬದುಕಿ ಬಂದ ಮಾತ್ರಕ್ಕೆ ಕಚನನ್ನಾಗಲಿ ಸತ್ಯವಾನನನ್ನಾಗಲಿ ಯಾರೂ ದೇವರೆನ್ನಲಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಅನ್ಯಾಯಕ್ಕೆ ಸಿಕ್ಕಿ ಸತ್ತವರು ದೈವಗಳಾಗಿ ಕಾರಣಿಕ, ಅಂದರೆ ದೈವೀ ಶಕ್ತಿ, ತೋರಿಸುವುದು ನಮ್ಮ ತುಳುನಾಡಿನ ನಂಬಿಕೆಯ ಬುಡವೇ ಆಗಿದೆ. ಅವಳಿ ವೀರರಾದ ಕೋಟಿ–ಚೆನ್ನಯರನ್ನು ಆರಾಧಿಸುವ ಗರಡಿಗಳು ಇಲ್ಲಿ ಎಷ್ಟಿಲ್ಲ! ಹಾಗಾದರೆ ಕ್ರೈಸ್ತರು ಪುನರುತ್ಥಾನ ಎನ್ನುವುದು ಈ ಎರಡರಲ್ಲಿ ಯಾವುದಕ್ಕೆ ಹತ್ತಿರ? ಒಬ್ಬನು ಸತ್ತು ಎದ್ದದ್ದರಿಂದ ಅವನಿಗೆ ದೇವರ ಅಧಿಕಾರ ಬರುವುದು ಹೇಗೆ? ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಎದ್ದು ಬಂದ ಯೇಸು, ಪರಲೋಕದಲ್ಲಿಯೂ ಭೂಮಿಯ ಮೇಲೆಯೂ ಎಲ್ಲ ಅಧಿಕಾರ ತನಗೆ ‘ಕೊಡಲ್ಪಟ್ಟಿದೆ’ ಎನ್ನುತ್ತಾನೆ. ಕೊಟ್ಟವರು ಯಾರು? ದೇವರೇ ಆಗಿದ್ದರೆ ಇನ್ನೊಬ್ಬರು ಕೊಡುವ ಅಗತ್ಯವೇನಿತ್ತು? (ಮಕ್ಕಳ ಪ್ರಬಂಧಗಳಲ್ಲಿ ಈ ‘ಅಲ್ಪಟ್ಟಿದೆ’ಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು ಎಂಬುದು ಬೇರೆ ಮಾತು.)

ವಾದಕ್ಕಾಗಿ ಕೇಳುತ್ತಿಲ್ಲ. ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ: ಕುಂಬಳೆ ಸೀಮೆಯ ದೊತೊರ್ನ್ ಟೀಚರ್

ಮಾಷ್ಟ್ರೇ, ನಮಸ್ಕಾರ. ನಾನು ಆದಿತ್ಯವಾರದ ಪೂಜೆಯ ನಂತರ ನಮ್ಮ ಇಗರ್ಜಿಯಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮೋಪದೇಶದ ತರಗತಿ, ನಡೆಸುವವಳು. ಬದುಕಿ ಬರುವುದಕ್ಕೂ ಪುನರುತ್ಥಾನಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಲು ನಾನು ಮೊದಲು ಬೋರ್ಡಿನ ಮೇಲೆ ಬರೆಯುವ ಹೆಸರು ಯೇಸುವಿನದಲ್ಲ, ಲಾಜರನದು. ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಸತ್ತು ನಾಲ್ಕು ದಿನವಾಗಿದ್ದ ಲಾಜರನನ್ನು ಯೇಸು ಸಮಾಧಿಯಿಂದ ಹೊರಗೆ ಕರೆಯುತ್ತಾರೆ. ಅವನು ಬರುತ್ತಾನೆ, ಆದರೆ ಕೈಕಾಲುಗಳಿಗೆ ಬಟ್ಟೆ ಸುತ್ತಿರುತ್ತದೆ, ಮುಖಕ್ಕೆ ವಸ್ತ್ರ ಕಟ್ಟಿರುತ್ತದೆ. ಬಿಚ್ಚಲು ಇನ್ನೊಬ್ಬರು ಬೇಕು. ಅದೇ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯಕ್ಕೆ ಬನ್ನಿ. ಶಿಷ್ಯ ಪೇತ್ರನು ಯೇಸುವಿನ ಸಮಾಧಿಯೊಳಗೆ ಹೋದಾಗ ನಾರುಬಟ್ಟೆಗಳು ಅಲ್ಲೇ ಬಿದ್ದಿವೆ, ತಲೆಗೆ ಸುತ್ತಿದ್ದ ವಸ್ತ್ರ ಪ್ರತ್ಯೇಕವಾಗಿ ಮಡಚಿದಂತೆ ಇದೆ. ಲಾಜರನಿಗೆ ಆ ಬಟ್ಟೆ ಇನ್ನೊಮ್ಮೆ ಬೇಕಾಗುವುದಿತ್ತು, ಯೇಸುವಿಗೆ ಬೇಕಾಗುವುದಿರಲಿಲ್ಲ ಎಂದು ನಾನು ಮಕ್ಕಳಿಗೆ ಹೇಳುತ್ತೇನೆ. ನೀವು ಹೇಳಿದ ಕಚನೂ ಸತ್ಯವಾನನೂ ಈ ಲೆಕ್ಕದಲ್ಲಿ ಲಾಜರನ ಸಾಲಿನವರು: ಕಳೆದುಹೋದ ಆಯುಷ್ಯ ಅವರಿಗೆ ಮರಳಿ ಸಿಕ್ಕಿತು, ಸಾವು ಮುಂದಕ್ಕೆ ಹೋಯಿತು. ಪುನರುತ್ಥಾನದಲ್ಲಿ ಯೇಸು ಹಿಂದಿನ ಬದುಕಿಗೆ ಮರಳಲಿಲ್ಲ, ಸಾವನ್ನು ದಾಟಿ ಆಚೆ ಹೋದರು. ಅವರು ಇನ್ನು ಸಾಯುವುದಿಲ್ಲ, ಸಾವಿಗೆ ಅವರ ಮೇಲೆ ಒಡೆತನವಿಲ್ಲ ಎಂದು ರೋಮಾಪುರದವರಿಗೆ ಬರೆದ ಪತ್ರದಲ್ಲಿ ಮೊದಲ ಕಾಲದ ಪ್ರಚಾರಕರಾದ ಪೌಲರು ಹೇಳುವುದು ಇದನ್ನೇ.

ಪದದ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಗ್ರೀಕಿನ ‘ಅನಾಸ್ತಾಸಿಸ್’ ಎಂದರೆ ಎದ್ದು ನಿಲ್ಲುವುದು. ಉತ್ಥಾನ ದ್ವಾದಶಿಯ ದಿನ ತುಳಸಿಕಟ್ಟೆಗೆ ದೀಪವಿಡುವ ನಾಡಿನಲ್ಲಿ ಉತ್ಥಾನ ಎಂಬ ಮಾತನ್ನು ವಿವರಿಸಬೇಕಾಗಿಲ್ಲ. ಮಲಯಾಳದವರು ಇದನ್ನೇ ‘ಉಯಿರ್ಪ್ಪು’ ಎನ್ನುತ್ತಾರೆ. ಅವರ ಉಯಿರ್, ನಮ್ಮ ಉಸಿರು. ಹಲವು ಮಾತುಗಳ ನಡುವೆ ಬದುಕುವ ನಮ್ಮ ಮಕ್ಕಳಿಗೆ ಇದೊಂದು ಲಾಭ. ಒಂದು ಪದದಿಂದ ಎದ್ದು ನಿಂತ ಆಕಾರ ಸಿಗುತ್ತದೆ, ಇನ್ನೊಂದರಿಂದ ಒಳಗಿನ ಉಸಿರು. ಆದರೆ ಪುನರುತ್ಥಾನವನ್ನು ಪುನರ್ಜನ್ಮದ ಜೊತೆ ಬೆರೆಸಬಾರದು. ಇನ್ನೊಂದು ದೇಹ ತಾಳಿ ಇನ್ನೊಬ್ಬನಾಗಿ ಹುಟ್ಟುವುದರ ಮಾತು ಇಲ್ಲಿಲ್ಲ. ಸತ್ತವನೇ, ಅದೇ ಗಾಯಗಳೊಂದಿಗೆ, ಎದ್ದು ಬಂದ ಎಂಬುದು ನಂಬಿಕೆ.

ಇದರ ಹಿನ್ನೆಲೆ ಯೆಹೂದ್ಯರದು. ಯೇಸುವಿನ ಕಾಲದ ಎರಡು ಯೆಹೂದಿ ಪಂಗಡಗಳಲ್ಲಿ ಸದ್ದುಕಾಯರು ಪುನರುತ್ಥಾನವೇ ಇಲ್ಲ ಎನ್ನುತ್ತಿದ್ದರು, ಫರಿಸಾಯರು ಇದೆ ಎನ್ನುತ್ತಿದ್ದರು. ಇದೆ ಎನ್ನುತ್ತಿದ್ದವರ ಎಣಿಕೆಯಲ್ಲೂ ಅದು ಕಾಲದ ಕೊನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಆಗಬೇಕಾದದ್ದು. ಲಾಜರನ ಅಕ್ಕ ಮಾರ್ಥಳೂ, ಕಡೆಯ ದಿನದಲ್ಲಿ ತಮ್ಮ ಎದ್ದು ಬರುತ್ತಾನೆಂದು ಬಲ್ಲೆ ಎಂದೇ ಹೇಳುತ್ತಾಳೆ. ಇತಿಹಾಸ ಇನ್ನೂ ನಡೆಯುತ್ತಿರುವಾಗಲೇ, ನಡುವೆ, ಒಬ್ಬರಿಗೆ ಮಾತ್ರ ಅದು ಆಯಿತು ಎಂದದ್ದು ಯಾರೂ ನಿರೀಕ್ಷಿಸದ ಮಾತು. ಪೌಲರು ಅದಕ್ಕೆ ಬಳಸುವ ಹೋಲಿಕೆ ಪ್ರಥಮ ಫಲ. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿನ, ಅಂದರೆ ಮರಿಯಮ್ಮನವರ ಜನ್ಮದಿನದ ಹಬ್ಬದ, ದಿನ ನಾವು ಹೊಸ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತಂದು, ಕಾಳು ಬಿಡಿಸಿ ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಳ್ಳುತ್ತೇವೆ. ನಿಮ್ಮ ಮನೆಗಳಲ್ಲಿ ತೆನೆ ಕಟ್ಟುವ ದಿನವೂ ಹಾಗೆಯೇ ಅಲ್ಲವೇ? ಮನೆಗೆ ಬಂದದ್ದು ಒಂದು ಹಿಡಿ ತೆನೆ, ಆದರೆ ಗದ್ದೆಯ ಬೆಳೆ ಪೂರ್ತಿ ಬರಲಿದೆ ಎಂಬುದಕ್ಕೆ ಅದೇ ಸಾಕ್ಷಿ. ಯೇಸುವಿನ ಪುನರುತ್ಥಾನವನ್ನು ಸಭೆ ಹೀಗೆ ತಿಳಿದಿದೆ.

ದೇಹದ ಬಗ್ಗೆ ಮಕ್ಕಳು ತಪ್ಪದೆ ಕೇಳುತ್ತಾರೆ: ಅದೇ ದೇಹವಾ ಟೀಚರ್? ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹದಿನೈದನೆಯ ಅಧ್ಯಾಯದಲ್ಲಿ ಇದೇ ಪ್ರಶ್ನೆಗೆ ಪೌಲರು ಬೀಜದ ಮಾತಿನಿಂದ ಉತ್ತರಿಸುತ್ತಾರೆ. ಬಿತ್ತುವುದು ಬರೀ ಕಾಳು, ಬರುವುದು ಪೈರು. ಎರಡೂ ಒಂದೇ, ಆದರೆ ಒಂದೇ ಅಲ್ಲ. ಸುವಾರ್ತೆಗಳ ಚಿತ್ರವೂ ಇದಕ್ಕೆ ಹೊಂದುತ್ತದೆ. ಎದ್ದ ಯೇಸು ಸುಟ್ಟ ಮೀನಿನ ತುಂಡು ತಿನ್ನುತ್ತಾರೆ; ಬಾಗಿಲು ಹಾಕಿದ್ದರೂ ಒಳಗೆ ಬಂದು ನಿಲ್ಲುತ್ತಾರೆ; ಮಗ್ದಲದ ಮರಿಯಳು ಮೊದಲು ಅವರನ್ನು ತೋಟಗಾರನೆಂದು ತಿಳಿಯುತ್ತಾಳೆ, ಹೆಸರು ಹಿಡಿದು ಕರೆದ ಕೂಡಲೇ ಗುರುತು ಹಿಡಿಯುತ್ತಾಳೆ.

ಅಧಿಕಾರದ ಪ್ರಶ್ನೆ ನನಗೂ ಕಷ್ಟದ್ದು. ನಮ್ಮಲ್ಲಿ ದಸ್ತಾವೇಜು ಬರೆಯುವ ಒಬ್ಬರಿದ್ದಾರೆ, ಅವರು ಈ ಮಾತು ಓದುತ್ತಿದ್ದರೆ ಬಿಡಿಸಿ ಬರೆಯಲಿ.

ಉತ್ತರ: ದಸ್ತಾವೇಜು ಬರೆಯುವವ, ಕಾಸರಗೋಡು

ಟೀಚರ್ ಕರೆದದ್ದರಿಂದ ಬರೆಯುತ್ತಿದ್ದೇನೆ. ನಮ್ಮದು ಬಾಸೆಲ್ ಮಿಶನ್ ಕಾಲದಿಂದ ಬಂದ ಪ್ರಾಟೆಸ್ಟೆಂಟ್ ಮನೆ, ಟೀಚರದ್ದು ಕಥೋಲಿಕ. ಈ ವಿಷಯದಲ್ಲಿ ನಮ್ಮೊಳಗೆ ಜಗಳವಿಲ್ಲ.

ಮಾಷ್ಟ್ರೇ, ನೀವು ಕೇಳಿದ ಪ್ರಶ್ನೆಯನ್ನೇ ಯೆರೂಸಲೇಮಿನ ಮಹಾಯಾಜಕರು ಯೇಸುವಿಗೆ ಕೇಳಿದ್ದರು. ದೇವಾಲಯದಲ್ಲಿ ವ್ಯಾಪಾರಿಗಳ ಮೇಜುಗಳನ್ನು ಕೆಡವಿದ ಮರುದಿನ, ನೀನು ಇದನ್ನು ಯಾವ ಅಧಿಕಾರದಿಂದ ಮಾಡುತ್ತೀ, ನಿನಗೆ ಈ ಅಧಿಕಾರ ಕೊಟ್ಟವರು ಯಾರು ಎಂದು ಅವರು ಬಂದು ನಿಂತರು. ಮಾರ್ಕನ ಹನ್ನೊಂದನೆಯ ಅಧ್ಯಾಯದಲ್ಲಿದೆ. ನಮ್ಮ ಕಸುಬಿನ ಭಾಷೆಯಲ್ಲಿ ಇದು ಮುಕ್ತ್ಯಾರುನಾಮೆ, ಅಂದರೆ ಇನ್ನೊಬ್ಬರ ಪರವಾಗಿ ನಡೆಯಲು ಕೊಟ್ಟ ಅಧಿಕಾರಪತ್ರ, ತೋರಿಸು ಎಂದಂತೆ. ಗ್ರೀಕಿನಲ್ಲಿ ಇಲ್ಲಿರುವ ಪದ ‘ಎಕ್ಸೂಸಿಯ’. ಬಲಕ್ಕೆ ಬಳಸುವ ‘ದುನಾಮಿಸ್’ ಬೇರೆಯೇ ಪದ. ಬಲವಿದ್ದವನೆಲ್ಲ ಅಧಿಕಾರಸ್ಥನಲ್ಲ. ಗದ್ದೆಗೆ ನುಗ್ಗಿ ಬೇಲಿ ಹಾಕುವವನಿಗೆ ಬಲವಿದೆ, ಪಟ್ಟೆಯಲ್ಲಿ, ಅಂದರೆ ಜಮೀನಿನ ದಾಖಲೆಯಲ್ಲಿ, ಹೆಸರಿಲ್ಲ. ಯೇಸು ಅದಕ್ಕೂ ಮೊದಲೇ ಇಂಥ ಕೆಲಸಗಳನ್ನು ಮಾಡಿದ್ದರು. ಕಪೆರ್ನೌಮಿನಲ್ಲಿ ಚಾವಣಿ ಬಿಚ್ಚಿ ಇಳಿಸಿದ ಪಾರ್ಶ್ವವಾಯು ರೋಗಿಗೆ ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಎಂದಾಗ, ಅಲ್ಲಿ ಕುಳಿತಿದ್ದ ಶಾಸ್ತ್ರಿಗಳು, ದೇವರೊಬ್ಬನೇ ಹೊರತು ಪಾಪವನ್ನು ಕ್ಷಮಿಸುವವರಾರು ಎಂದು ಮನಸ್ಸಿನಲ್ಲಿ ಅಂದುಕೊಂಡರು. ಅವರ ತರ್ಕ ತಪ್ಪಲ್ಲ. ಒಬ್ಬನ ಸಾಲವನ್ನು ಇನ್ನೊಬ್ಬನು ಮನ್ನಾ ಮಾಡಬೇಕಾದರೆ ಅವನು ಸಾಲ ಕೊಟ್ಟವನಾಗಿರಬೇಕು, ಇಲ್ಲವೇ ಅವನ ಮುಕ್ತ್ಯಾರಾಗಿರಬೇಕು.

ಈಗ ಶುಕ್ರವಾರದ ವಿಷಯ. ಮುಕ್ತ್ಯಾರು ಕೊಟ್ಟವನಾಗಲಿ ಪಡೆದವನಾಗಲಿ ಸತ್ತರೆ ಸಾಮಾನ್ಯವಾಗಿ ಆ ಪತ್ರ ಅಲ್ಲಿಗೆ ರದ್ದು. ಶಿಲುಬೆಯಲ್ಲಿ ಆದದ್ದು ಅದಕ್ಕಿಂತ ಕಠಿಣ. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿಯಾದವನು ಎಂಬ ಮಾತು ಧರ್ಮೋಪದೇಶಕಾಂಡದ 21ನೇ ಅಧ್ಯಾಯದಲ್ಲಿದೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲರೇ ಅದನ್ನು ಎತ್ತಿ ಹೇಳುತ್ತಾರೆ. ಅಂದರೆ ಶುಕ್ರವಾರ ಸಂಜೆಗೆ ಎರಡು ತೀರ್ಪುಗಳು ಬಂದಾಗಿತ್ತು: ರೋಮಿನ ತೀರ್ಪಿನಲ್ಲಿ ಅವನು ರಾಜದ್ರೋಹಿ, ಧರ್ಮದ ತೀರ್ಪಿನಲ್ಲಿ ದೇವರ ಹೆಸರೆತ್ತಿ ಮೋಸ ಮಾಡಿದವನು. ಅಪರಾಧದ ಫಲಕವನ್ನು ರೋಮಿನ ಅಧಿಕಾರಿ ಪಿಲಾತನು ಇಬ್ರಿಯ, ಲ್ಯಾಟಿನ್, ಗ್ರೀಕ್ ಎಂದು ಮೂರು ಭಾಷೆಗಳಲ್ಲಿ ಬರೆಸಿದ್ದ. (ಕಾಸರಗೋಡಿನವರಾದ ನಾವು ಮೂರು ಭಾಷೆಯ ಫಲಕ ಕಂಡರೆ ಮೊದಲು ನಮ್ಮ ಭಾಷೆ ಇದೆಯೇ ಎಂದು ಹುಡುಕುತ್ತೇವೆ, ಅಲ್ಲಿಯೂ ಜನ ಓದಿದ್ದರು, ಮಹಾಯಾಜಕರು ತಿದ್ದುಪಡಿ ಕೇಳಿದ್ದರು, ಪಿಲಾತ ಬರೆದದ್ದು ಬರೆದಾಯಿತು ಎಂದುಬಿಟ್ಟ.)

ಪುನರುತ್ಥಾನವನ್ನು ಮೊದಲ ಶಿಷ್ಯರು ಈ ಎರಡೂ ತೀರ್ಪುಗಳ ಎದುರಿಗೆ ಇಟ್ಟರು. ಪುನರುತ್ಥಾನವಾಗಿ ಐವತ್ತನೆಯ ದಿನದ ಹಬ್ಬವಾದ ಪೆಂತೆಕೊಸ್ತ ದಿನದ ಪೇತ್ರನ ಭಾಷಣವನ್ನು ಓದಿ: ನೀವು ಶಿಲುಬೆಗೆ ಹಾಕಿಸಿದ ಈ ಯೇಸುವನ್ನು ದೇವರು ಒಡೆಯನನ್ನಾಗಿಯೂ ಕ್ರಿಸ್ತನನ್ನಾಗಿಯೂ ಮಾಡಿದ್ದಾನೆ. ಸತ್ತವನು ಎದ್ದ ಎಂಬ ಪವಾಡವನ್ನು ವರ್ಣಿಸುತ್ತ ಅವನು ನಿಲ್ಲುವುದಿಲ್ಲ. ನೀವು ಹೀಗೆ ತೀರ್ಮಾನಿಸಿದಿರಿ, ದೇವರು ಹೀಗೆ ತೀರ್ಮಾನಿಸಿದ ಎಂದು ಎರಡನ್ನೂ ಎದುರೆದುರು ನಿಲ್ಲಿಸುತ್ತಾನೆ. ಕೆಳಗಿನ ಕೋರ್ಟಿನ ತೀರ್ಪನ್ನು ಮೇಲಿನ ಕೋರ್ಟು ರದ್ದುಗೊಳಿಸಿದ ಹಾಗೆ. ನಿಮ್ಮ ಕಚನ ಪ್ರಶ್ನೆಗೆ ಉತ್ತರ ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಕಚನು ಸಾಯುವ ಮೊದಲು, ಪಾಪ ಕ್ಷಮಿಸುವ ಅಧಿಕಾರ ತನಗಿದೆ ಎಂದು ಹೇಳಿರಲಿಲ್ಲ. ಆದ್ದರಿಂದ ಅವನು ಬದುಕಿ ಬಂದಾಗ ಯಾವ ಹಕ್ಕೂ ಸ್ಥಾಪಿತವಾಗಲಿಲ್ಲ. ಬರೀ ಏಳುವುದರಿಂದ ಅಧಿಕಾರ ಬರುವುದಿಲ್ಲ. ಏನು ಹೇಳಿ, ಯಾವ ಆರೋಪದ ಮೇಲೆ ಸತ್ತವನು ಎದ್ದ ಎಂಬುದು ಮುಖ್ಯ. ಇದನ್ನು ಚೆನ್ನಾಗಿ ತೋರಿಸಿದವರು ಕ್ರೈಸ್ತರಲ್ಲದ ಒಬ್ಬ ವಿದ್ವಾಂಸರು. ಯೆಹೂದಿ ಚಿಂತಕ ಪಿಂಖಾಸ್ ಲಾಪಿಡೆ ಯೇಸುವಿನ ಪುನರುತ್ಥಾನ ನಿಜವಾಗಿ ನಡೆದ ಘಟನೆಯೆಂದೇ ಒಪ್ಪಿಕೊಂಡರು, ಆದರೂ ಯೇಸು ತಮ್ಮ ಜನರ ಮೆಸ್ಸೀಯನೆಂದು, ಅಂದರೆ ಅವರು ಕಾಯುತ್ತಿದ್ದ ರಕ್ಷಕನೆಂದು, ಒಪ್ಪದೆ ಯೆಹೂದಿಯಾಗಿಯೇ ಉಳಿದರು.

ಇನ್ನು ಕೆಂಪು ಶಾಯಿಯ ವಿಷಯ. ಉಳಿದೆಲ್ಲ ಕಡೆ ಹೊಡೆದು ಹಾಕಿ, ನನ್ನ ಆಕ್ಷೇಪವಿಲ್ಲ. ಸತ್ಯವೇದದ ಕನ್ನಡದಲ್ಲಿ ‘ಅಲ್ಪಟ್ಟಿತು’ ಅತಿಯಾಗಿದೆ ಎಂಬುದು ನಿಜ. ಆದರೆ ಇಲ್ಲಿ ಆ ಕರ್ಮಣಿ ಪ್ರಯೋಗಕ್ಕೆ ಕೆಲಸವಿದೆ. ದೇವರ ಹೆಸರನ್ನು ಸುಮ್ಮಸುಮ್ಮನೆ ಬಾಯಲ್ಲಿ ಆಡಬಾರದೆಂಬ ಭಯಭಕ್ತಿಯಿಂದ ಯೆಹೂದ್ಯರು ಕರ್ತೃವನ್ನು ಬಿಟ್ಟು ಹೀಗೆ ಹೇಳುವುದುಂಟು. ಕೊಡಲ್ಪಟ್ಟಿದೆ ಎಂದರೆ ದೇವರು ಕೊಟ್ಟಿದ್ದಾನೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲರು ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು ಎನ್ನುವಾಗಲೂ ಮೂಲದಲ್ಲಿ ಕರ್ಮಣಿಯೇ ಇದೆ. ಎಬ್ಬಿಸಿದವರು ಯಾರೆಂದು ಹೇಳಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಉತ್ತರ: ಇತಿಹಾಸದ ವಿದ್ಯಾರ್ಥಿ, ಬದಿಯಡ್ಕ

ನಾನು ನಂಬುವವನಲ್ಲ, ಆದರೂ ಮೇಲಿನ ಎರಡು ಉತ್ತರಗಳನ್ನು ಗೌರವದಿಂದ ಓದಿದೆ. ಒಂದೆರಡು ಕಡೆ ಕಲ್ಲು ಹಾಕುವುದು ನನ್ನ ಕೆಲಸ.

ನಾಲ್ಕು ಸುವಾರ್ತೆಗಳ ಸಮಾಧಿಯ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ಅವು ಹೊಂದುವುದಿಲ್ಲ. ಮಾರ್ಕನಲ್ಲಿ ಬಿಳಿ ನಿಲುವಂಗಿಯ ಒಬ್ಬ ಯುವಕ, ಮತ್ತಾಯನಲ್ಲಿ ಒಬ್ಬ ದೇವದೂತ, ಲೂಕನಲ್ಲಿ ಇಬ್ಬರು ಪುರುಷರು. ಶಿಷ್ಯರಿಗೆ ದರ್ಶನವಾದದ್ದು ಮತ್ತಾಯನ ಪ್ರಕಾರ ಗಲಿಲಾಯದ ಬೆಟ್ಟದಲ್ಲಿ, ಲೂಕನ ಪ್ರಕಾರ ಯೆರೂಸಲೇಮಿನಲ್ಲಿ. ನಾಲ್ಕರಲ್ಲಿ ಹಳೆಯದೆಂದು ಬಹುಪಾಲು ವಿದ್ವಾಂಸರು ಒಪ್ಪುವ ಮಾರ್ಕನ ಸುವಾರ್ತೆ, ನಾಲ್ಕನೆಯ ಶತಮಾನದ ಎರಡು ಪ್ರಮುಖ ಹಸ್ತಪ್ರತಿಗಳಲ್ಲಿ, 16ನೇ ಅಧ್ಯಾಯದ ಎಂಟನೆಯ ವಚನಕ್ಕೇ ನಿಂತುಬಿಡುತ್ತದೆ: ಸ್ತ್ರೀಯರು ಹೆದರಿ ನಡುಗುತ್ತ ಓಡಿದರು, ಯಾರಿಗೂ ಏನನ್ನೂ ಹೇಳಲಿಲ್ಲ. ಅಲ್ಲಿ ದರ್ಶನವೇ ಇಲ್ಲ. ಮಾಷ್ಟ್ರ ವಿದ್ಯಾರ್ಥಿನಿ ಮಾರ್ಕನನ್ನು ಓದಿದ್ದರೂ “ಮುಂದಿನದ್ದು ಇಲ್ಲವಾ?” ಎಂದೇ ಕೇಳುತ್ತಿದ್ದಳು. ಇಪ್ಪತ್ತನೆಯ ಶತಮಾನದಲ್ಲಿ ಜರ್ಮನಿಯ ರುಡಾಲ್ಫ್ ಬುಲ್ಟ್‌ಮನ್‌ರಂಥ ಕ್ರೈಸ್ತ ಪಂಡಿತರೇ, ಇತಿಹಾಸಕಾರನ ಕೈಗೆ ಸಿಗುವುದು ಶಿಷ್ಯರಲ್ಲಿ ಹುಟ್ಟಿದ ನಂಬಿಕೆ ಮಾತ್ರ ಎಂದರು.

ಆದರೆ ಪ್ರಾಮಾಣಿಕವಾಗಿ ಇನ್ನೊಂದು ಪಕ್ಕವನ್ನೂ ಹೇಳಬೇಕು. ಪಿಲಾತನ ಆಳ್ವಿಕೆಯಲ್ಲಿ ಕ್ರಿಸ್ತನಿಗೆ ಮರಣದಂಡನೆಯಾದದ್ದನ್ನು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪೌಲನ ಕೊರಿಂಥ ಪತ್ರ ಸುಮಾರು ಕ್ರಿ.ಶ. 55ರದು, ಅಂದರೆ ಘಟನೆಯಾಗಿ ಇಪ್ಪತ್ತೈದು ವರ್ಷವೂ ದಾಟಿರಲಿಕ್ಕಿಲ್ಲ. ಅದರಲ್ಲಿ ಅವನು ಸಾಕ್ಷಿಗಳ ಪಟ್ಟಿ ಕೊಡುತ್ತಾನೆ, ಐನೂರಕ್ಕೂ ಹೆಚ್ಚು ಜನ ಒಟ್ಟಿಗೆ ಕಂಡರು, ಬಹುಮಂದಿ ಇನ್ನೂ ಬದುಕಿದ್ದಾರೆ ಎನ್ನುತ್ತಾನೆ, ಮತ್ತು ಈ ಮಾತನ್ನು ತಾನೂ ಇನ್ನೊಬ್ಬರಿಂದ ಪಡೆದದ್ದು ಎನ್ನುತ್ತಾನೆ. ಆಮೇಲೆ, ಕ್ರಿ.ಶ. 132ರಿಂದ 135ರವರೆಗೆ ರೋಮಿನ ವಿರುದ್ಧ ಬಂಡೆದ್ದ ಬಾರ್ ಕೋಖ್ಬಾನನ್ನೂ ಮೆಸ್ಸೀಯನೆಂದು ನಂಬಿದವರಿದ್ದರು. ಅವನು ಸತ್ತ ಮೇಲೆ ಆ ನಂಬಿಕೆ ಕುಸಿಯಿತು, ಎದ್ದು ಬಂದ ಎಂದು ಯಾರೂ ಹೇಳಲಿಲ್ಲ. ಯೇಸುವಿನ ಗುಂಪು ಯಾಕೆ ಚದುರಿ ಹೋಗಲಿಲ್ಲ ಎಂಬುದಕ್ಕೆ ನನ್ನಲ್ಲಿ ಸಲೀಸಾದ ಉತ್ತರವಿಲ್ಲ.

ನನ್ನ ನಿಜವಾದ ತಕರಾರು ‘ಎಲ್ಲ ಅಧಿಕಾರ’ ಎಂಬ ಮಾತಿನ ಮೇಲೆ. ದಸ್ತಾವೇಜಿನವರು ಚೆನ್ನಾಗಿ ಬಿಡಿಸಿದರು, ಆದರೆ ಆ ಮುಕ್ತ್ಯಾರುನಾಮೆಯ ನಕಲು ಹಿಡಿದು ಮುಂದೆ ಯಾರು ಯಾರು ತಿರುಗಿದರು? ಚಕ್ರವರ್ತಿಗಳು ತಿರುಗಿದರು; ಹೊಸ ನಾಡುಗಳಲ್ಲಿ ಬಿಷಪರ ಹೆಸರನ್ನು ಸೂಚಿಸುವ ಹಕ್ಕನ್ನು ಪೋರ್ಚುಗಲ್ಲಿನ ರಾಜ ಪಡೆದುಕೊಂಡ. ಶಿಲುಬೆಗೆ ಏರಿದವನ ಅಧಿಕಾರ ಏರಿಸುವವರ ಕೈಗೆ ಹೋಯಿತು.

ಮಂಜೇಶ್ವರದ ಹಳೆ ಮಾಷ್ಟ್ರು

ಮೂವರಿಗೂ ಕೃತಜ್ಞತೆ. ಇಷ್ಟು ಬಿಡಿಸಿ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ.

ಇತಿಹಾಸದ ಮಗುವಿನ ಕೊನೆಯ ಮಾತು ಓದಿದ ಮೇಲೆ ನಾನು ದೈವಗಳ ಹೋಲಿಕೆಗೆ ಮರಳಿ ಹೋದೆ. ಅನ್ಯಾಯದಿಂದ ಸತ್ತವರು ದೈವವಾಗಿ ಬಂದಾಗ ದೈವಗಳ ಕಥೆ ಹಾಡುವ ನಮ್ಮ ಪಾಡ್ದನಗಳಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ತಪ್ಪು ಮಾಡಿದವನ ಮನೆಯಲ್ಲಿ ಉಪದ್ರವ ತೋರುತ್ತದೆ. ಅವನು ಬಲ್ಯಾಯರಲ್ಲಿ, ಅಂದರೆ ಜೋಯಿಸರಲ್ಲಿ, ಕೇಳಿಸುತ್ತಾನೆ. ತಪ್ಪುಕಾಣಿಕೆ ಹಾಕಿ ನಂಬಿಕೊಳ್ಳುತ್ತಾನೆ. ನ್ಯಾಯ ಸಿಗುತ್ತದೆ, ಅದು ದೊಡ್ಡ ಸಂಗತಿಯೇ. ಕೋರ್ಟು ಕಚೇರಿ ಎಟಕದ ಜನರಿಗೆ ಸಾವಿರ ವರ್ಷ ಅದೇ ಧೈರ್ಯ ಕೊಟ್ಟಿತು. ಆದ್ದರಿಂದ ಎದ್ದು ಬಂದ ಯೇಸು ಮೊದಲು ಹೋಗುವುದು ಪಿಲಾತನ ಅರಮನೆಗೆ ಅಥವಾ ಮಹಾಯಾಜಕ ಕಾಯಫನ ಮನೆಗೆ ಎಂದು ನಾನು ಎಣಿಸಿದ್ದೆ. ನಾಲ್ಕೂ ಸುವಾರ್ತೆ ಹುಡುಕಿದೆ. ಅಂಥ ಒಂದು ಸಾಲೂ ಇಲ್ಲ. ಹೋದದ್ದು ಅಳುತ್ತ ನಿಂತ ಹೆಂಗಸಿನ ಬಳಿಗೆ, ಬಿಟ್ಟು ಓಡಿಹೋದ ಶಿಷ್ಯರ ಬಳಿಗೆ, ಮೂರು ಸಲ ಅವನನ್ನು ಅರಿಯೆನೆಂದ ಪೇತ್ರನ ಬಳಿಗೆ. ಶಿಷ್ಯರಿಗೆ ಆಡಿದ ಮೊದಲ ಮಾತು ನಿಮಗೆ ಶಾಂತಿ. ನನಗಿದು ತುಂಬ ವಿಚಿತ್ರವಾಗಿ ಕಂಡಿತು. ಮೇಲಿನ ಕೋರ್ಟಿನಲ್ಲಿ ಗೆದ್ದವನು ಎದುರು ಪಕ್ಷದವರಿಗೆ ನೋಟೀಸನ್ನೇ ಕಳಿಸಲಿಲ್ಲ.

ಆದರೂ ನನ್ನ ವ್ಯಾಕರಣದ ಸಂಶಯ ಬಿಟ್ಟಿಲ್ಲ. ‘ಎಬ್ಬಿಸಲ್ಪಟ್ಟನು’ ಸರಿ. ಯೋಹಾನನ ಹತ್ತನೆಯ ಅಧ್ಯಾಯದಲ್ಲಿ ಯೇಸು, ನನ್ನ ಪ್ರಾಣವನ್ನು ಕೊಡುವುದಕ್ಕೂ ಅಧಿಕಾರವುಂಟು, ತಿರುಗಿ ತೆಗೆದುಕೊಳ್ಳುವುದಕ್ಕೂ ಅಧಿಕಾರವುಂಟು ಎನ್ನುತ್ತಾನೆ. ಇಲ್ಲಿ ಕರ್ತರಿ ಪ್ರಯೋಗ! ಎದ್ದನೋ, ಎಬ್ಬಿಸಲ್ಪಟ್ಟನೋ?

ಕುಂಬಳೆ ಸೀಮೆಯ ದೊತೊರ್ನ್ ಟೀಚರ್

ಮಾಷ್ಟ್ರೇ, ಈ ಪ್ರಶ್ನೆಯ ಹಿಂದೆ ಸಭೆ ಮುನ್ನೂರು ವರ್ಷ ಅಲೆಯಿತು. ಪೌಲರ ಬರಹದಲ್ಲೇ ಎರಡೂ ರೂಪಗಳಿವೆ. ಅವರ ಪತ್ರಗಳಲ್ಲಿ ಬಹಳ ಹಳೆಯದೆನ್ನುವ ಥೆಸಲೋನಿಕದವರ ಮೊದಲ ಪತ್ರದಲ್ಲಿ ಯೇಸು ಸತ್ತು ಎದ್ದರು ಎಂದು ಕರ್ತರಿಯೇ ಬರುತ್ತದೆ. ಎಬ್ಬಿಸಲ್ಪಟ್ಟದ್ದರಿಂದ ಯೇಸು ದೇವರಿಗಿಂತ ಕೆಳ ದರ್ಜೆಯವರು, ಸೃಷ್ಟಿಸಲ್ಪಟ್ಟವರು ಎಂದು ವಾದಿಸುವ ದಾರಿ ತೆರೆಯಿತು. ಅಲೆಕ್ಸಾಂದ್ರಿಯದ ಆರಿಯಸ್ ಯೇಸುವನ್ನು ಸೃಷ್ಟಿಯ ಸಾಲಿಗೇ ಸೇರಿಸಿದ. ಕ್ರಿ.ಶ. 325ರ ನಿಕೇಯ ಮಹಾಸಭೆ, ಮಗನು ತಂದೆಯೊಂದಿಗೆ ಒಂದೇ ಸ್ವರೂಪದವರು ಎಂದು ತೀರ್ಮಾನಿಸಿತು. ಅದರ ಬೆಳಕಿನಲ್ಲಿ ನಮ್ಮ ಉತ್ತರ ಹೀಗೆ: ತಂದೆ ಎಬ್ಬಿಸಿದರು, ಮಗ ಎದ್ದರು, ಪವಿತ್ರಾತ್ಮರು ಜೀವ ತುಂಬಿದರು, ಕೆಲಸ ಒಂದೇ. ಕೊಡುವುದು ಮತ್ತು ಪಡೆಯುವುದು ದೇವರ ಒಳಗಿನ ಸಂಬಂಧವೇ ಆಗಿದೆ, ಹೊರಗಿನ ಯಾರೋ ಬಂದು ಕೊಟ್ಟದ್ದಲ್ಲ. ನೀವು ಹೇಳಿದ ಯೋಹಾನನ ವಚನವೇ, ಈ ಆಜ್ಞೆಯನ್ನು ನನ್ನ ತಂದೆಯಿಂದ ಪಡೆದೆನು ಎಂದು ಮುಗಿಯುತ್ತದೆ. ಕರ್ತರಿಯ ಬಾಲದಲ್ಲಿ ಮತ್ತೆ ಪಡೆಯುವುದು ಬಂತಲ್ಲ!

ಇತಿಹಾಸದ ತಮ್ಮನಿಗೆ: ನಿಮ್ಮ ತಕರಾರು ನ್ಯಾಯವಾದದ್ದು, ಅದನ್ನು ಸಮರ್ಥಿಸಲು ನಾನು ಹೋಗುವುದಿಲ್ಲ. ಆದರೆ ಅಳತೆಗೋಲು ಆ ಪತ್ರದಲ್ಲೇ ಇದೆ. ಅನ್ಯಜನರ ಅಧಿಪತಿಗಳು ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ಮೊದಲನೆಯವನಾಗಬೇಕೆಂದಿರುವವನು ಎಲ್ಲರ ಆಳಾಗಲಿ ಎಂದು ಯೇಸು ಹೇಳಿದ್ದು ಮಾರ್ಕನ ಹತ್ತನೆಯ ಅಧ್ಯಾಯದಲ್ಲಿದೆ. ಅಧಿಕಾರಪತ್ರದ ಷರತ್ತನ್ನು ಮುರಿದು ಪತ್ರ ತೋರಿಸುವವನ ಬಗ್ಗೆ ಏನು ಹೇಳಬೇಕೆಂಬುದು ದಸ್ತಾವೇಜಿನವರಿಗೆ ಗೊತ್ತು. ಹೆದರಿ ಓಡಿದ ಹೆಂಗಸರ ಬಗ್ಗೆಯೂ ಒಂದು ಮಾತು. ಆ ಕಾಲದಲ್ಲಿ ಹೆಂಗಸರ ಸಾಕ್ಷಿಯನ್ನು ಒಪ್ಪಬಾರದೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ಬರೆದಿದ್ದಾನೆ. ಕಟ್ಟುಕಥೆ ಹೇಳುವವರು ಮೊದಲ ಸಾಕ್ಷಿಯ ಕಟಕಟೆಯಲ್ಲಿ ಮಗ್ದಲದ ಮರಿಯಳನ್ನು ನಿಲ್ಲಿಸುತ್ತಿದ್ದರೇ? ಹೆಂಗಸಾಗಿ ನಾನು ಈ ಜಾಗವನ್ನು ಸ್ವಲ್ಪ ಜೋರಾಗಿಯೇ ಓದುತ್ತೇನೆ.

ಮಾಷ್ಟ್ರೇ, ಮುಂದಿನ ಈಸ್ಟರಿನ ಹಿಂದಿನ ಶನಿವಾರ ರಾತ್ರಿ ಬಿಡುವಿದ್ದರೆ ನಮ್ಮ ಇಗರ್ಜಿಗೆ ಬನ್ನಿ. ದೀಪಗಳನ್ನೆಲ್ಲ ಆರಿಸಿರುತ್ತೇವೆ. ಅಂಗಳದಲ್ಲಿ ತೆಂಗಿನ ಗೆರಟೆ ಹಾಕಿ ಬೆಂಕಿ ಮಾಡುತ್ತಾರೆ. ಪಾದ್ರಿಯವರು ದೊಡ್ಡ ಮೇಣದಬತ್ತಿಯ ಮೇಲೆ ಶಿಲುಬೆಯ ಗುರುತು ಕೊರೆದು, ಮೇಲೆ ಗ್ರೀಕಿನ ಮೊದಲ ಅಕ್ಷರ, ಕೆಳಗೆ ಕೊನೆಯ ಅಕ್ಷರ, ನಾಲ್ಕು ಮೂಲೆಗಳಲ್ಲಿ ಆ ವರ್ಷದ ನಾಲ್ಕು ಅಂಕೆಗಳನ್ನು ಗುರುತು ಮಾಡುತ್ತಾರೆ. ಆಮೇಲೆ ಐದು ಗಾಯಗಳ ನೆನಪಿಗೆ ಐದು ಧೂಪದ ಹರಳುಗಳನ್ನು ಚುಚ್ಚುತ್ತಾರೆ. ಕಾಲವೂ ಯುಗಗಳೂ ಅವರವು, ಮಹಿಮೆಯೂ ಅಧಿಕಾರವೂ ಅವರವು ಎಂಬ ಅರ್ಥದ ಪ್ರಾರ್ಥನೆ ಆ ಅಂಕೆಗಳನ್ನು ಬರೆಯುವಾಗಲೇ ಬರುತ್ತದೆ. ಅಧಿಕಾರದ ಮಾತು ಮುಗಿದ ಕೂಡಲೇ ಗಾಯದ ಗುರುತು. ಆ ಬತ್ತಿಯಿಂದ ಕೈಯಿಂದ ಕೈಗೆ ಬೆಂಕಿ ಹಂಚಿಕೊಂಡು ಒಳಗೆ ಹೋಗುತ್ತೇವೆ; ಏಪ್ರಿಲ್ ಸೆಕೆಗೆ ಮೇಣ ಬೇಗ ಕರಗಿ ಕೈಮೇಲೆ ಬೀಳುತ್ತದೆ, ಆದ್ದರಿಂದ ಬತ್ತಿಗೆ ಕಾಗದದ ಲೋಟ ಸಿಕ್ಕಿಸಿಕೊಳ್ಳಿ.

ಮಂಜೇಶ್ವರದ ಹಳೆ ಮಾಷ್ಟ್ರು

ಬರುತ್ತೇನೆ ಟೀಚರ್. ಕೊನೆಯದಾಗಿ ಒಂದು ಸಣ್ಣ ಲೆಕ್ಕ ಉಳಿಯಿತು. ಶುಕ್ರವಾರ ಸಂಜೆ ಹೂಳಿದರು, ಆದಿತ್ಯವಾರ ಬೆಳಿಗ್ಗೆ ಸಮಾಧಿ ಬರಿದಾಗಿತ್ತು. ಗಂಟೆ ಎಣಿಸಿದರೆ ಎರಡು ದಿನವೂ ಪೂರ್ತಿಯಾಗುವುದಿಲ್ಲ. ಮೂರನೆಯ ದಿನ ಹೇಗಾಯಿತು?

ದಸ್ತಾವೇಜು ಬರೆಯುವವ, ಕಾಸರಗೋಡು

ಸೂತಕ ಎಣಿಸುವ ಹಾಗೆ ಮಾಷ್ಟ್ರೇ. ಸತ್ತ ದಿನವೇ ಒಂದು. ಯೆಹೂದ್ಯರ ಲೆಕ್ಕದಲ್ಲಿ ದಿನದ ಒಂದು ಭಾಗ ಸಿಕ್ಕಿದರೂ ಅದು ಒಂದು ದಿನ, ಮತ್ತು ಸೂರ್ಯಾಸ್ತಕ್ಕೆ ಹೊಸ ದಿನ ಶುರುವಾಗುತ್ತದೆ. ಶುಕ್ರವಾರ ಒಂದು, ಶನಿವಾರದ ಸಬ್ಬತ್ ಎರಡು, ವಾರದ ಮೊದಲನೆಯ ದಿನ ಮೂರು. ಆ ಹುಡುಗಿ ಈಗ ಎಲ್ಲಿದ್ದಾಳೋ, ಸಿಕ್ಕಿದರೆ ಯೋಹಾನನ ಇಪ್ಪತ್ತನೆಯ ಅಧ್ಯಾಯವನ್ನು ನೀವೇ ಅವಳಿಗೆ ಓದಿ ಹೇಳಿ.